ಅಗಡಿಯ ಹನ್ನೊಂದು ಪತ್ರಿಕೆಗಳು

ರಾಣೆಬೆನ್ನೂರು
೯ ಮೇ ೧೯೮೯

ಪ್ರೀತಿಯ ಮಹಮೂದಾ,

ಕ್ಷೇಮ ಸಮಾಚಾರ ಈ ಸಲ ಬೇಡ. ನಿನ್ನ ಪತ್ರ ಶನಿವಾರ ಬಂತು. ನಿನ್ನ ಏಳನೆಯ ತರಗತಿಯ ಹಾಜಿರಾಬಿ ಸಮಾಜ ವಿಜ್ಞಾನವೊಂದರಲ್ಲೇ ಮೂವತ್ತೆರಡು ಅಂಕ ಪಡೆದು ನಪಾಸಾದದ್ದು ನಿನಗೆ ಅರ್ಥವಾಗುತ್ತಿಲ್ಲ ಎಂದು ಬರೆದಿದ್ದೀ. ಅವಳ ಅಪ್ಪ ಫಕ್ಕೀರಸಾಬ, "ಪಾಸಾಗಿದ್ರ ಹಾವೇರಿ ಹೈಸ್ಕೂಲಿಗೆ ಕಳಸ್ತಿದ್ನಿರಿ ಟೀಚರ. ಈಗ ಮೆಣಸಿನಕಾಯಿ ತೊಟ್ಟು ಬಿಡಸಾಕ ಹೋಗಲಿ" ಅಂದನಂತೆ. ನನಗೆ ಅರ್ಥವಾಗಿದೆ.

ಪಬ್ಲಿಕ್ ಪರೀಕ್ಷೆಯ ಪತ್ರಿಕೆ ತಿದ್ದಲು ನನ್ನನ್ನು ಬ್ಯಾಡಗಿಗೆ ಹಾಕಿದ್ದರು. ಮೂರನೆಯ ದಿನ ಒಂದು ಕಟ್ಟು ಬಂತು. ಹೆಸರಿಲ್ಲ, ಊರಿಲ್ಲ, ನಂಬರು ಮಾತ್ರ. ಸಂಸದೀಯ ಪದ್ಧತಿಗೂ ಅಧ್ಯಕ್ಷೀಯ ಪದ್ಧತಿಗೂ ಇರುವ ವ್ಯತ್ಯಾಸವೇನು ಎಂಬ ಪ್ರಶ್ನೆಗೆ ಒಂದು ಮಗು ಬರೆದಿತ್ತು: "ನಮ್ಮ ಮಂಡಲ ಪಂಚಾಯ್ತಿ ಪ್ರಧಾನರ ಮ್ಯಾಲ ಮೆಂಬರರಿಗೆ ನಂಬಿಕಿ ಹೋದರ ಇಳಸತಾರ. ದಿಲ್ಲಿ ಪ್ರಧಾನಮಂತ್ರಿಗೂ ಹಂಗ. ಅಮೆರಿಕಾದ ಅಧ್ಯಕ್ಷರು ಮಾತ್ರ ಬೈಸಿಕೊಂಡರೂ ನಾಕು ವರ್ಷ ಕುಂತಿರತಾರ." ನಾನು ನಕ್ಕೆ. ಇನ್ನೂ ಹತ್ತು ಪತ್ರಿಕೆಗಳಲ್ಲಿ ಅದೇ ವಿಚಾರ, ಒಬ್ಬೊಬ್ಬರದು ಒಂದೊಂದು ಮಾತಿನಲ್ಲಿ. ನಕಲು ಮಾಡಿದವರು ಹಾಗೆ ಬರೆಯುವುದಿಲ್ಲ. ನಕಾಶೆಯಲ್ಲಿ ಕೃಷ್ಣಾ ನದಿಯನ್ನು ಗುರುತಿಸಿ ಎಂದರೆ, ಹನ್ನೊಂದು ಮಕ್ಕಳೂ ಯಾರೂ ಕೇಳದ, ನಿಮ್ಮೂರ ಕಡೆಯ ವರದೆಯನ್ನು ತಂದು ತುಂಗಭದ್ರೆಗೆ ಕೂಡಿಸಿದ್ದರು. ನಿನ್ನ ಮಕ್ಕಳೆಂದು ತಿಳಿಯಲು ನನಗೆ ಊರಿನ ಹೆಸರು ಬೇಕಾಗಲಿಲ್ಲ.

ಹೋದ ವರ್ಷ ನಮ್ಮ ಮನೆಯವರು ಇನ್ಸ್‌ಪೆಕ್ಷನ್‌ಗೆಂದು ಅಗಡಿಯ ನಿನ್ನ ಶಾಲೆಗೆ ಬಂದಿದ್ದರಲ್ಲ, ಮನೆಗೆ ಬಂದು ನಾಲ್ಕು ದಿನ ನಿನ್ನ ಪಾಠದ ಮಾತೇ ಆಡಿದರು. ಐದನೆಯ ದಿನ ಊಟಕ್ಕೆ ಕೂತಾಗ ನಾನು, ನನ್ನ ಪಾಠವನ್ನೂ ನೀವು ನೋಡಿದ್ದೀರಿ ಎಂದೆ. ಇವರು ತಾಟಿನಿಂದ ತಲೆ ಎತ್ತಲಿಲ್ಲ. "ನೀ ಛಂದ ಓದಸ್ತೀ ಜಾನಕಿ. ಆಕಿ ಕಲಸ್ತಾಳ" ಎಂದರು.

ಹೆಂಡತಿಯೊಬ್ಬಳ ಸಾಮಾನ್ಯ ಸಂಶಯವಾಗಿದ್ದರೆ ಸುಲಭವಿತ್ತು. ಒಂದು ಸಲ ಜಗಳವಾಡಿ ಮುಗಿಸಬಹುದಿತ್ತು. ಇದು ಹಾಗಲ್ಲ. ಹತ್ತೊಂಬತ್ತು ವರ್ಷಗಳಿಂದ ನಾನು ಅದೇ ಎರಡು ಪದ್ಧತಿಗಳ ಐದು ವ್ಯತ್ಯಾಸಗಳನ್ನು ಬೋರ್ಡಿನ ಮೇಲೆ ಬರೆಸುತ್ತ ಬಂದಿದ್ದೇನೆ. ನನ್ನ ಮಕ್ಕಳು ತಪ್ಪಿಲ್ಲದೆ ಬರೆಯುತ್ತಾರೆ. ಅವರಲ್ಲಿ ಯಾರೂ ನನ್ನನ್ನು ನಗಿಸಿಲ್ಲ.

ಮಾದರಿ ಉತ್ತರದಲ್ಲಿ ಮಂಡಲದ ಪ್ರಧಾನರಿರಲಿಲ್ಲ. ಹನ್ನೊಂದಕ್ಕೂ ಐದರಲ್ಲಿ ಒಂದು ಅಂಕ ಕೊಟ್ಟೆ. ವರದೆ ಕೇಳದ ನದಿ, ಅದಕ್ಕೊಂದು ಅಂಕ ಕಳೆದೆ. ಪಕ್ಕದಲ್ಲಿ ತಿದ್ದುತ್ತಿದ್ದ ಅಣ್ಣಾಜಿ ಮಾಸ್ತರರು ಇಣುಕಿ, "ಉತ್ತರ ಖರೇನ ಅದ ಅಲ್ರೀ ಬಾಯಿ?" ಎಂದರು. ಭಾಷೆ ಸರಿಯಿಲ್ಲ ಎಂದೆ. ಉಳಿದ ಹತ್ತು ಮಕ್ಕಳು ಹೇಗೋ ದಾಟಿಕೊಂಡರು. ನೀನು ಪತ್ರದಲ್ಲಿ ಬರೆದಿದ್ದ ಹಾಜಿರಾಬಿಯ ನಂಬರು ಹನ್ನೊಂದನೆಯ ಪತ್ರಿಕೆಯದು.

ಮರುಪರಿಶೀಲನೆಗೆ ಮೇ ಇಪ್ಪತ್ತರೊಳಗೆ ಅರ್ಜಿ ಕೊಡಬೇಕು. ನಾಲ್ಕನೆಯ ಪ್ರಶ್ನೆ ಮತ್ತು ನಕಾಶೆ ಎಂದು ಸ್ಪಷ್ಟವಾಗಿ ಬರೆಸು. ಬೇರೆ ಯಾರು ನೋಡಿದರೂ ಅವಳು ಪಾಸಾಗುತ್ತಾಳೆ. ನಾಳೆ ಬೆಳಗ್ಗೆಯೇ ಇದನ್ನು ಅಂಚೆಗೆ ಹಾಕುತ್ತೇನೆ. ಬರೆದ ಮೇಲೆ ಮನಸ್ಸು ಹಗುರವಾಗಿದೆ.

ನಿನ್ನ ಟ್ರೇನಿಂಗ್ ಕಾಲದ ಗೆಳತಿ,
ಜಾನಕೀಬಾಯಿ

ತಾ.ಕ. ಮೇ ೨೨. ಪತ್ರ ಹದಿಮೂರು ದಿನ ನನ್ನ ಟ್ರಂಕಿನಲ್ಲೇ ಇತ್ತು. ಮೊನ್ನೆ ಗಡುವು ದಾಟಿದಾಗ ನನಗೆ ಸಮಾಧಾನವಾಯಿತು. ಅದೂ ನಿನಗೆ ಗೊತ್ತಿರಲಿ. ಇಂದು ವಿಚಾರಿಸಿದೆ. ತಿದ್ದಿದವರೇ ತಪ್ಪೊಪ್ಪಿ ಬರೆದುಕೊಟ್ಟರೆ ತಡವಾದ ಅರ್ಜಿಯನ್ನೂ ತೆಗೆದುಕೊಳ್ಳುತ್ತಾರಂತೆ. ಆ ಕಾಗದ ಮೊದಲು ಇನ್ಸ್‌ಪೆಕ್ಟರರ ಮೇಜಿಗೆ, ಎಂದರೆ ಇವರ ಮೇಜಿಗೇ ಹೋಗುತ್ತದೆ. ಬರೆದಿಟ್ಟಿದ್ದೇನೆ, ಸಹಿ ಮಾಡಿಲ್ಲ. ಫಕ್ಕೀರಸಾಬನನ್ನು ಕರೆದುಕೊಂಡು ಲಗೂನೆ ಬಾ, ಎದುರು ಕೂತು ಸಹಿ ಮಾಡಿಸು. ಇದನ್ನು ನನ್ನೊಬ್ಬಳಿಗೆ ಬಿಡಬೇಡ.