ಎಲಾದಿಯಾ ಅಜ್ಜಿಯ ಆಲಿವ್ ಮರಗಳು

ಸ್ಪೇನ್, ಆಗಸ್ಟ್ 1937

ಅಕ್ಕಾ,

ನಾನೂ ಎಮ್ಲಿನ್ ಭಾವನೂ ಬದುಕಿದ್ದೇವೆ. ಆದರೆ ಗಣಿಯವರನ್ನು ಕಟ್ಟಿಕೊಂಡು ಪರರ ಯುದ್ಧಕ್ಕೆ ಬರಬಾರದು! ಗುಂಡು ಹಾರಿಸಲು ಕಂದಕ ತೋಡಿ ಎಂದರೆ, ನಿನ್ನ ಗಂಡ ನಮ್ಮ ವೇಲ್ಸಿನ ಕಲ್ಲಿದ್ದಲ ಸುರಂಗವನ್ನೇ ತೋಡಿದರು. ಚಾವಣಿಗೆ ಆಸರೆ ಕಂಬ ಬೇಕೆಂದು ಈ ಊರಿನ ಎಲಾದಿಯಾ ಅಜ್ಜಿಯ ಆರು ಆಲಿವ್ ಮರ ಕಡಿದರು.

“ವೈರಿಗಳೂ ಮುಟ್ಟಿರ್ಲಿಲ್ಲ ಕಣ್ರೋ! ಕಾಪಾಡ್ತೀವಿ ಅಂತ ಬಂದು ನೀವೇ ಕಡಿದ್ರಲ್ಲೋ, ನಿಮ್ ಕೈ ಸೇದೋಗ!” ಎಂದು ಅಜ್ಜಿ ಮೂರು ದಿನ ಬೈದಳು.

ನಿನ್ನೆ ಬಾಂಬು ಬಿದ್ದು ಅವಳ ಮನೆ ನೆಲಸಮವಾಯಿತು. ಸುರಂಗದಲ್ಲಿದ್ದ ನಾವೆಲ್ಲ ಉಳಿದೆವು, ಬೈಯುತ್ತಲೇ ಒಳಗೆ ಬಂದಿದ್ದ ಅಜ್ಜಿಯೂ.

ಕಾಲಿನ ಹುಣ್ಣು ಮಾಯ್ದಿದೆ. ಉಣ್ಣೆಯ ಕಾಲುಚೀಲ ಕಳಿಸು. ಇನ್ನು ಮರ ಕಡಿಯಬೇಡಿ ಎಂದು ಭಾವನಿಗೆ ಹೇಳಿ ಹೇಳಿ ಸಾಕಾಯಿತು. ಆದರೆ ಇಂದು ಏಳನೆಯ ಮರವನ್ನು ಅಜ್ಜಿಯೇ ಅವರಿಗೆ ತೋರಿಸಿದಳು: “ಇದನ್ನೂ ಕಡಿಯೋ, ನಾನ್ ಕೂರೋ ಮೂಲೇಲಿ ಮಣ್ಣು ಉದುರ್ತಿದೆ.”

ನಿನ್ನ ತಮ್ಮ,
ಇದ್ವಾಲ್