ಅಪ್ಪನ ಟಾರ್ಚಿನ ಬ್ಯಾಟರಿ

ಸವಾಯಿ ದ್ವೀಪ, ಜೂನ್ 11, ಮಂಗಳವಾರ

ಲ್ಯಾಬಿಗೆ ಅಪ್ಪನ ಟಾರ್ಚಿನ ಬ್ಯಾಟರಿಗಳನ್ನೇ ಒಯ್ದಿದ್ದೆ. ಲೆಕ್ಕ ತಾಳೆಯಾಗಲೇ ಇಲ್ಲ! ಜೋಡಿಸುವ ಮೊದಲು ಬ್ಯಾಟರಿ ಅಳೆದರೆ 5.8 ವೋಲ್ಟ್, ಸರಣಿಯಲ್ಲಿದ್ದ ಮೂರು ರೆಸಿಸ್ಟರುಗಳ ವೋಲ್ಟನ್ನು ಕೂಡಿಸಿದರೆ ಬರೀ 4.1. ಎರಡೂ ಒಂದೇ ಆಗಬೇಕಿತ್ತು.

"5.8 ಅಂತ್ಲೇ ಬರ್ಕೊಂಡ್ಬಿಡೇ, ಯಾರ್ ನೋಡ್ತಾರೆ?" ಎಂದ ಜೊತೆಗಾರ ಫೀಲಿಪೋ. ನಾನು ಜಗ್ಗಲಿಲ್ಲ.

ಮಸಿನಾ ಟೀಚರ್ ನಕ್ಕರು. "ತಂತಿ ಬಿಚ್ಚದೆ ಈಗ ಬ್ಯಾಟರೀನೇ ಅಳತೆ ಮಾಡಮ್ಮ."

4.1! ಲೆಕ್ಕ ತಾಳೆಯಾಯಿತು, ಕುಣಿದುಬಿಟ್ಟೆ. ಆಮೇಲೆ ಹೊಳೆಯಿತು: ಕೆಲಸಕ್ಕೆ ಹಚ್ಚಿದೊಡನೆ ಸುಸ್ತಾಗುವ ಇವನ್ನೇ ನಂಬಿ ಅಪ್ಪ ಇವತ್ತು ರಾತ್ರಿ ಹವಳದ ದಿಬ್ಬಕ್ಕೆ ಮೀನು ಹಿಡಿಯಲು ಹೋಗುವವನಿದ್ದ.

ಮನೆಗೆ ಬಂದವಳೇ ಹೊಸದು ಹಾಕಿಕೋ ಎಂದೆ. "ನೀನು ನನ್ನ ಮಗಳೋ, ಅಂಗಡಿಯವನ ಮಗಳೋ?" ಎಂದು ಗೊಣಗುತ್ತಲೇ ಅಪ್ಪ ಹೊಸ ಬ್ಯಾಟರಿ ತಂದು ಹಾಕಿಕೊಂಡ.

ಕಿಟಕಿಯಾಚೆ, ಅಲೆ ಒಡೆಯುವಲ್ಲಿ, ಅವನ ಬೆಳಕು ಕಾಣುತ್ತಿದೆ. ಒಂದಿಷ್ಟೂ ಮಂಕಾಗಿಲ್ಲ. ಕಣ್ಣು ಎಳೆಯುತ್ತಿದೆ, ಇನ್ನೊಂದೇ ಒಂದು ಸಲ ನೋಡಿ...