ಗೆಣಸಿನ ಬೋಗುಣಿ ಹಿಡಿದ ಅಭ್ಯರ್ಥಿ

ಟಲ್ಸ್ ನೆಕ್
ಅಕ್ಟೋಬರ್ ೧೩, ಭಾನುವಾರ, ಚರ್ಚಿನಿಂದ ಬಂದ ಮೇಲೆ

ಮೊಂಡು ಮೊಮ್ಮಗಳು ರೊವೇನಾಗೆ,

ನಿನ್ನ ಕೈಗೇನು ಲಕ್ವ ಹೊಡೆದಿದೆಯೇನೇ? ಆಗಸ್ಟಿನಿಂದೀಚೆಗೆ ಇದು ನಾಲ್ಕನೆಯ ಕಾಗದ. ಹಡಗು ಎಳೆಯುವ ದೋಣಿಯಲ್ಲಿ ಕೈಗಾತ್ರದ ಹಗ್ಗ ಬಿಗಿಯುವವಳಿಗೆ ಒಂದು ಪೆನ್ನು ಭಾರವಾಯಿತೇ? ನಾರ್ಫೋಕಿನಲ್ಲಿ ಅಂಚೆಪೆಟ್ಟಿಗೆಗಳನ್ನೆಲ್ಲ ಕಿತ್ತುಹಾಕಿದ್ದಾರೆಯೇ? ನಾನು ಓದಿದ್ದು ಇದೇ ಊರಿನ ಒಂದು ಕೋಣೆಯ ಶಾಲೆಯಲ್ಲಿ, ಅದೂ ಆರನೆಯ ತರಗತಿವರೆಗೆ. ಆಮೇಲೆ ಏಡಿ ಬಿಡಿಸಲು ಕೂತವಳು. ಅಂಥ ನಾನೇ ಪುಟಗಟ್ಟಲೆ ಬರೆಯುತ್ತೇನೆ. ನೀನು ಕಾಲೇಜು ಮೆಟ್ಟಿಲು ಹತ್ತಿ ಇಳಿದವಳು. ನಾಚಿಕೆಯಾಗಬೇಕು.

ಬೈಗುಳ ಇಷ್ಟು ಸಾಕು. ಇನ್ನೂ ಉಳಿದಿದೆ, ಆದರೆ ಹೇಳಬೇಕಾದ ಸುದ್ದಿ ಹೊಟ್ಟೆಯಲ್ಲಿ ಕುಣಿಯುತ್ತಿದೆ. ಬೆಳಿಗ್ಗೆ ಚರ್ಚಿನಲ್ಲಿ ಹಾಡು ಹೇಳುವಾಗಲೂ ನನಗೆ ನಗು ತಡೆಯಲಾಗಲಿಲ್ಲ. ಪಕ್ಕದಲ್ಲಿದ್ದ ಗೆಳತಿ ಮೋಜೆಲ್ ಮೊಣಕೈಯಿಂದ ಎರಡು ಸಲ ತಿವಿದಳು.

ನಿನ್ನಪ್ಪ ಬಾಯಿ ಬಿಟ್ಟ ಕಣೇ! ನಿನ್ನೆ ಸಂಜೆ, ಫೈರ್ ಸ್ಟೇಷನ್ ಹಾಲಿನಲ್ಲಿ, ಮುನ್ನೂರು ಜನರ ಎದುರಿಗೆ.

ಇರು, ಮೊದಲಿನಿಂದ ಹೇಳುತ್ತೇನೆ. ಆಗಸ್ಟಿನಲ್ಲಿ ನೀನು ಅವನನ್ನು ದಕ್ಕೆಯ ಮೇಲೆ ನಿಲ್ಲಿಸಿಕೊಂಡು ಏನೆಂದೆ ಎಂಬುದು ನಿನಗೂ ನೆನಪಿದೆ, ನನಗೂ ನೆನಪಿದೆ. "ತಾತ ಅಲ್ಲಿ ನೀರಲ್ಲಿ ಮುಳುಗ್ತಿದ್ರೆ ನೀನಿಲ್ಲಿ ಓಟು ಎಣಿಸ್ತಾ ಕೂತಿದೀಯ. ಹೇಡಿ ನೀನು" ಅಂದೆ. ನಾನು ಮಾಡಿದ್ದ ಕೇಕನ್ನೂ ಮುಟ್ಟದೆ ಹೊರಟುಹೋದೆ. ನೀನು ಹೋದ ಮೇಲೆ, ಕೊಲ್ಲಿಯ ನೀರು ನುಗ್ಗುತ್ತಿರುವ ನಮ್ಮ ಚರ್ಚಿನ ಸಮಾಧಿಗಳ ಸ್ಥಿತಿ ಇನ್ನೂ ಕೆಟ್ಟಿದೆ. ಸೆಪ್ಟೆಂಬರಿನ ದೊಡ್ಡ ಉಬ್ಬರಕ್ಕೆ ನಿನ್ನ ತಾತನ ಕಲ್ಲು ಪಕ್ಕಕ್ಕೆ ವಾಲಿತು. ರಬ್ಬರ್ ಬೂಟು ಹಾಕಿಕೊಂಡು ಹೋಗಿ ನೋಡಿದೆ. ಮೊಣಕಾಲುವರೆಗೆ ಕೊಲ್ಲಿಯ ನೀರು, ಅವರ ಹೆಸರಿನ ಮೇಲೆ ಬಸವನಹುಳು. ಎಪ್ಪತ್ತು ವರ್ಷ ನೀರಿನ ಮೇಲೆ ಬದುಕಿದ ಮನುಷ್ಯನಿಗೆ ಸತ್ತ ಮೇಲಾದರೂ ಒಣಗಿದ ಹಾಸಿಗೆ ಬೇಡವೇ?

ದಿಬ್ಬದ ಮೇಲೆ ಹಳೆಯ ಶಾಲೆಯ ಜಾಗ ಖಾಲಿ ಬಿದ್ದಿದೆ, ಅದು ಕೌಂಟಿಯದೇ. ಸಮಾಧಿಗಳನ್ನು ಅಲ್ಲಿಗೆ ಸಾಗಿಸಲು ಚರ್ಚು ಕೇಳಿತು, ಕೌಂಟಿ ನಡೆಸುವ ಮೂರು ಜನ ಕಮಿಷನರುಗಳೂ ಸಂತೋಷದಿಂದ ಹೂಂ ಅಂದರು. ಹೂಂ ಅಂದರೆ ಆಯಿತೇ? ಕೌಂಟಿಯ ಜಾಗವನ್ನು ಸಮಾಧಿಗೆ ಕೊಡಬೇಕಾದರೆ ರಾಜಧಾನಿಯ ಶಾಸನಸಭೆ ಕಾನೂನು ಮಾಡಬೇಕಂತೆ. ಮೊದಲ ವರ್ಷ ನಮ್ಮ ಸರದಿ ಬರುವಷ್ಟರಲ್ಲಿ ಅಧಿವೇಶನ ಮುಗಿಯಿತು. ಎರಡನೆಯ ವರ್ಷ ಸರದಿ ಬಂತು, ಆದರೆ ಯಾವನೋ ಗುಮಾಸ್ತ ಶಾಲೆಯ ಜಾಗದ ನಂಬರಿನ ಬದಲು ಕಸದ ಗುಂಡಿಯ ನಂಬರು ಬರೆದುಬಿಟ್ಟಿದ್ದ. ನಿನ್ನ ತಾತನನ್ನು ಕಸದ ಗುಂಡಿಗೆ ಸಾಗಿಸಲು ಒಂದು ಸದನ ಕೈಯೆತ್ತಿ ಒಪ್ಪಿಗೆ ಕೊಟ್ಟಾಗಿತ್ತು! ಅದನ್ನು ತಿದ್ದುವಷ್ಟರಲ್ಲಿ ಮತ್ತೆ ಬಾಗಿಲು ಹಾಕಿದರು.

ಕೌಂಟಿಗೆ ಸ್ವಂತ ಆಡಳಿತ ಬಂದರೆ ಇಂಥದ್ದನ್ನೆಲ್ಲ ನಮ್ಮ ಮೂವರು ಕಮಿಷನರುಗಳೇ ಇಲ್ಲೇ ಕೂತು ಮುಗಿಸಬಹುದು. ಈ ನವೆಂಬರಿನಲ್ಲಿ ಅದಕ್ಕೂ ಓಟು, ಕಮಿಷನರುಗಳಿಗೂ ಓಟು, ಎರಡೂ ಒಂದೇ ಹಾಳೆಯಲ್ಲಿ. ಆದರೆ ಈ ಊರಿನವರು ನಿನ್ನಪ್ಪನನ್ನು ಕಮಿಷನರ್ ಸ್ಥಾನಕ್ಕೆ ನಿಲ್ಲಿಸಿದ್ದೇ ಅವನು ಹಾರ್ಲನ್ ಬ್ರಿಟಿಂಗಮ್‌ನ ಮಗ ಅಂತ. ಎಪ್ಪತ್ತೆಂಟರಲ್ಲಿ ಇದೇ ಪ್ರಶ್ನೆ ಬಂದಾಗ ನಿನ್ನ ತಾತ ದೋಣಿಯ ಹಲಗೆಯ ಮೇಲೆ "ರಾಜಧಾನಿ ದೂರವಿದೆ, ಅದೇ ನಮ್ಮ ಪುಣ್ಯ" ಎಂದು ಬಣ್ಣದಲ್ಲಿ ಬರೆದು ಟ್ರಕ್ಕಿನ ಮೇಲೆ ಕಟ್ಟಿಕೊಂಡು ಊರೂರು ತಿರುಗಿದ್ದರು. ಹತ್ತಿರದ ಮೂವರನ್ನು ಹಣವಂತರು ಒಂದು ಊಟದಲ್ಲಿ ಕೊಂಡುಕೊಳ್ಳುತ್ತಾರೆ ಎನ್ನುವುದು ಅವರ ವಾದ. ಸ್ವಂತ ಆಡಳಿತ ಹನ್ನೊಂದು ಓಟಿನಲ್ಲಿ ಸೋತಿತು. ಹನ್ನೊಂದು! ಇಂಥ ತಂದೆಯ ಮಗ ಬೇಸಿಗೆಯೆಲ್ಲ ಮನೆಮನೆಗೆ ಹೋಗಿ "ಯೋಚ್ನೆ ಮಾಡ್ತಿದೀನಿ" ಅಂದುಕೊಂಡು ತಿರುಗಿದ. ಯಾಕೆ ತಿರುಗಿದ ಎನ್ನುವುದು ಈಗ ಬೇಡ.

ನಿನ್ನೆ ಹಾಲಿನಲ್ಲಿದ್ದದ್ದು ಸಿಂಪಿ ವಡೆಯ ಊಟ, ಆ ದಿನ ಅಭ್ಯರ್ಥಿಗಳೇ ಬಡಿಸಬೇಕೆಂಬುದು ನಮ್ಮಲ್ಲಿನ ಕಟ್ಟಳೆ. ಯಾವ ಮೇಜಿನವರು ಏನು ಕೇಳಿದರೂ ಉತ್ತರ ಹೇಳಿಯೇ ಮುಂದಕ್ಕೆ ಹೋಗಬೇಕು, ಬೋಗುಣಿ ಕೆಳಗಿಡುವ ಹಾಗಿಲ್ಲ. ನಿನ್ನಪ್ಪನ ಪಾಲಿಗೆ ಬಂದದ್ದು ಸಿಹಿಗೆಣಸು. ಜಾಣ, ಮೇಜಿಗೆ ಬಂದವನೇ ಎರಡು ಸೌಟು ಹಾಕಿ, ಮೊಮ್ಮಕ್ಕಳ ಕ್ಷೇಮ ವಿಚಾರಿಸಿ, ಬೇರೆಯವರು ಬಾಯಿ ತೆರೆಯುವ ಮೊದಲೇ ಜಾರಿಕೊಳ್ಳುತ್ತಿದ್ದ. ನಮ್ಮ ಮೇಜಿನಲ್ಲಿ ನಾನು, ಮೋಜೆಲ್, ಎದುರಿಗೆ ಮುದುಕ ಗಾರ್ಲಂಡ್ ಶಾಕ್ಲಿ. ತಾತನ ಟ್ರಕ್ಕು ಓಡಿಸಿದವನು ಅವನೇ.

"ಏನಯ್ಯಾ ವೆಂಡಲ್, ಚುನಾವಣೆಗೆ ನಿಂತಿದೀಯೋ, ಹೋಟೆಲ್ ಇಟ್ಟಿದೀಯೋ? ನಿಮ್ಮಪ್ಪ ಆಗಿದ್ರೆ ಇಷ್ಟು ಹೊತ್ತಿಗೆ ಮೂರು ಜನಕ್ಕೆ ಬೈದಿರೋನು" ಎಂದು ಗಾರ್ಲಂಡ್ ಕೆಣಕಿದ.

ನಿನ್ನಪ್ಪ ನಕ್ಕು ನನ್ನ ತಟ್ಟೆಗೆ ಸೌಟು ಚಾಚಿದ. ನಾನು ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡೆ.

"ಮೊದ್ಲು ಹೇಳು, ಆಮೇಲೆ ಬಡಿಸು. ಸ್ವಂತ ಆಡಳಿತ ಬೇಕೋ ಬೇಡ್ವೋ?"

ಅವನ ಕಿವಿ ಕೆಂಪಗಾಯಿತು. ನನ್ನ ಮುಖವನ್ನೇ ನೋಡಿದ. "ನಿಜವಾಗ್ಲೂ ಕೇಳ್ತಿದೀಯೇನಮ್ಮಾ?" ಅಂದ, ಮೆಲ್ಲಗೆ.

"ನಿಜವಾಗ್ಲೂ ಅಲ್ದೆ ನಾಟಕಕ್ಕೆ ಕೇಳ್ತೀನೇನೋ? ಗೆಣಸು ಆರ್ತಾ ಇದೆ."

ಅಕ್ಕಪಕ್ಕದ ಮೇಜಿನವರು ನಮ್ಮ ಕಡೆ ಕುರ್ಚಿ ತಿರುಗಿಸಿದರು.

"ಬೇಕು" ಅಂದ.

ಗಾರ್ಲಂಡ್ ಫೋರ್ಕನ್ನು ತಟ್ಟೆಯ ಮೇಲೆ ಕುಕ್ಕಿದ. "ಅಪ್ಪನ ಮಾತಿಗೆ ಮಣ್ಣು ಹಾಕ್ತೀಯೇನೋ?"

ಆಗ ನೋಡಬೇಕಿತ್ತು ನೀನು! ಬೋಗುಣಿಯನ್ನು ಎದೆಗೊತ್ತಿ ಹಿಡಿದು ಹೇಳಿದ. "ಅಪ್ಪ ಹೇಳಿದ್ದು ಸುಳ್ಳಲ್ಲ, ಗಾರ್ಲಂಡ್ ಮಾವ. ಕೈಗೆ ಸಿಗೋ ಹಾಗಿರೋ ಮೂರು ಜನ ದುಡ್ಡಿರೋರ ಕೈಗೂ ಸಿಗ್ತಾರೆ. ಆದ್ರೆ ನಿಮ್ಮ ಕೈಗೂ ಸಿಗ್ತಾರಲ್ಲ! ನಾನು ತಪ್ಪು ಮಾಡಿದ್ರೆ ಬರೋ ವರ್ಷ ಇಲ್ಲೇ, ಈ ಬೋಗುಣಿ ಹಿಡಿಸಿ, ಗೆಣಸು ಆರೋವರೆಗೂ ಉಗೀಬಹುದು. ಅಪ್ಪನ್ನ ಕಸದ ಗುಂಡಿಗೆ ಕಳಿಸೋಕೆ ಹೊರಟೋರಿಗೆ ಯಾರು ಬೋಗುಣಿ ಹಿಡಿಸಿದ್ರಿ? ಅವರ ಮುಖ ಹೇಗಿದೆ ಅಂತ ನಿಮ್ಮಲ್ಲಿ ಯಾರಿಗಾದ್ರೂ ಗೊತ್ತಾ? ನನಗೆ ಓಟು ಹಾಕ್ದಿದ್ರೆ ಬೇಡ. ಅದೊಂದಕ್ಕೆ ಹಾಕಿ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ನಮ್ಮವರು ಅಷ್ಟು ಸುಲಭಕ್ಕೆ ತಟ್ಟುತ್ತಾರೆಯೇ? ಗಾರ್ಲಂಡ್ ಕುಕ್ಕಿದ್ದ ಫೋರ್ಕನ್ನು ಎತ್ತಿ ಪಕ್ಕಕ್ಕಿಟ್ಟ. ಆಮೇಲೆ ತಟ್ಟೆಯನ್ನು ಮುಂದಕ್ಕೆ ತಳ್ಳಿದ.

"ಬಡಿಸು. ನನ್ನ ಓಟು ನಿನಗಿಲ್ಲ, ತಿಳ್ಕೋ. ಆ ಇನ್ನೊಂದಕ್ಕೆ..." ಎಂದು ಮೂಗು ಒರೆಸಿಕೊಂಡ. "ನನ್ನ ಹೆಂಡ್ತೀನೂ ಅಲ್ಲೇ ಮಲಗಿದಾಳಲ್ಲಯ್ಯ."

ಮೋಜೆಲ್ ಅಲ್ಲೇ ಭೋ ಎಂದು ಅಳಲು ಶುರು ಮಾಡಿದಳು. ನಾನು ಅಳಲಿಲ್ಲ, ಮೂರು ಸೌಟು ಗೆಣಸು ತಿಂದೆ.

ಇವತ್ತು ಚರ್ಚಿಗೆ ಹೋಗುವ ದಾರಿಯಲ್ಲಿ ಎಣಿಸಿದೆವು. ನಾಲ್ಕು ಅಂಗಳಗಳಲ್ಲಿ ನಿನ್ನಪ್ಪನ ಹೆಸರಿನ ಫಲಕ ಕಿತ್ತುಹಾಕಿದ್ದಾರೆ. ಐದು ಹೊಸ ಅಂಗಳಗಳಲ್ಲಿ ನೆಟ್ಟಿದ್ದಾರೆ, ಅದರಲ್ಲಿ ಒಂದು ನಿಮ್ಮ ಹಳೆಯ ಮೇಷ್ಟರದು. ಗೆಲ್ಲುತ್ತಾನೋ ಸೋಲುತ್ತಾನೋ ನಾನು ಕಾಣೆ. ಮೋಜೆಲ್‌ಳ ಲೆಕ್ಕದಲ್ಲಿ ಸ್ವಂತ ಆಡಳಿತದ ಓಟು ಈ ಸಲವೂ ಕೂದಲೆಳೆಯಲ್ಲೇ ತೀರ್ಮಾನವಾಗುವುದು. ನಿನ್ನ ಹೆಸರು ಇನ್ನೂ ಇಲ್ಲಿನ ಪಟ್ಟಿಯಲ್ಲೇ ಇದೆ, ಹೋಗಿ ಕೇಳಿಕೊಂಡು ಬಂದಿದ್ದೇನೆ. ಅಂಚೆ ಮೂಲಕ ಓಟು ಹಾಕುವ ಅರ್ಜಿ ಇದರ ಜೊತೆಗಿದೆ. ಸಹಿ ಮಾಡುವ ಕಡೆ ಪೆನ್ಸಿಲಿನಲ್ಲಿ ಗುರುತು ಹಾಕಿದ್ದೇನೆ. ಇದು ಕೈ ಸೇರಿದ ದಿನವೇ ಅಂಚೆಗೆ ಹಾಕು, ದೋಣಿ ಕಾಯಲಿ.

ಹೊಟ್ಟೆತುಂಬ ತಿನ್ನು, ಕಾಲು ಒದ್ದೆ ಮಾಡಿಕೊಂಡು ಮಲಗಬೇಡ.

ನಿನ್ನ ಮೇಲೆ ಇನ್ನೂ ಅರ್ಧ ಸಿಟ್ಟಿರುವ
ಅಜ್ಜಿ ಲಿಯೋಟಾ

ತಾ.ಕ.: ಕವರಿಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದ್ದೇನೆ. ಯಾಕೆ ತಿರುಗಿದ ಎನ್ನುವುದು ಈಗ ಬೇಡ ಎಂದೆನಲ್ಲ, ಅದು ನನ್ನ ಮೋಸ. ನಿನ್ನಪ್ಪ ಮೇ ತಿಂಗಳಲ್ಲೇ ಅಡುಗೆಮನೆಗೆ ಬಂದು, ಸ್ವಂತ ಆಡಳಿತ ಬೇಕು ಅಂತ ಎಲ್ಲರಿಗೂ ಹೇಳಿಬಿಡುತ್ತೇನಮ್ಮಾ ಅಂದಿದ್ದ. ನಾನು ಬದುಕಿರುವವರೆಗೂ ನಿಮ್ಮಪ್ಪನ ಮಾತಿಗೆ ಎದುರಾಡಕೂಡದು ಎಂದು ಆಣೆ ಹಾಕಿಸಿಕೊಂಡೆ. ದಕ್ಕೆಯ ಮೇಲೆ ನೀನು ಅವನನ್ನು ಹೇಡಿ ಅಂದಾಗ ನಾನು ಜಾಲರಿ ಬಾಗಿಲ ಹಿಂದೆ ನಿಂತಿದ್ದೆ. ಅವನು ನನ್ನ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದ. ನಾನೂ ತೆಪ್ಪಗಿದ್ದೆ. ಮಗನೇ ಎದುರು ನಿಂತರೆ ನಿನ್ನ ತಾತ ಸೋತರು ಅಂತ ಊರು ನಗುತ್ತದೆಯೇನೋ ಅಂತ ನನಗೆ ಭಯ. ಆ ಉಬ್ಬರದ ನೀರಿನಲ್ಲಿ ನಿಂತ ಮೇಲೂ ನನಗೆ ಬುದ್ಧಿ ಬಂದು, ನಿನ್ನೆ ತಟ್ಟೆ ಎಳೆದುಕೊಂಡು ಆ ಆಣೆಯನ್ನು ಬಿಡಿಸಲು ಇನ್ನೂ ಮೂರು ವಾರ ಬೇಕಾಯಿತು. ಹೇಡಿ ಎನ್ನುವ ಆ ಮಾತನ್ನು ನನ್ನ ವಿಳಾಸಕ್ಕೆ ಬರೆದು ಕಳಿಸು, ತೆಗೆದುಕೊಳ್ಳುತ್ತೇನೆ. ಆದರೆ ಮೊದಲು ನಿನ್ನಪ್ಪನಿಗೆ ಬರಿ. ನವೆಂಬರ್ ಹುಟ್ಟುವುದರೊಳಗೆ ಅವನ ಕೈಯಲ್ಲಿ ನಿನ್ನ ಕಾಗದ ಇರಬೇಕು, ತಿಳಿಯಿತೇ?